ಲಾರಿಗಳು ಊರ ಹೊರಗೆ ಹೋದ ಮೇಲೆ ಪೇಟೆ ರಸ್ತೆ ಯಾರದ್ದು?

ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಚಾರ್ಮಾಡಿ ಘಾಟಿ, ಮೂಡಿಗೆರೆ, ಬೇಲೂರು, ಅರಸೀಕೆರೆ ಮೂಲಕ ತುಮಕೂರು ಸೇರುವ ರಾಷ್ಟ್ರೀಯ ಹೆದ್ದಾರಿ 73 ನಮ್ಮವರಿಗೆ ಹೊಸತಲ್ಲ. ವ್ಯಾಪಾರಕ್ಕೆ, ಮದುವೆಗೆ, ಬೆಂಗಳೂರು ಪ್ರಯಾಣಕ್ಕೆ ಈ ದಾರಿ ಹಿಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಅರಸೀಕೆರೆ ದಾಟಿದರೆ ಸಿಗುವುದೇ ತಿಪಟೂರು. ಸುತ್ತ ತೆಂಗಿನ ತೋಟ, ನಡುವೆ ಕೊಬ್ಬರಿಯ ದೊಡ್ಡ ಮಾರುಕಟ್ಟೆ. ತೆಂಗು ನಮ್ಮ ಕರಾವಳಿಯಲ್ಲೂ ಉಂಟು. ಆದರೆ ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವ ತಾಳ್ಮೆ ಆ ಸೀಮೆಯವರದ್ದು.

ಈ ಊರಿಗೆ ಒಂದು ತೊಂದರೆ ಇದೆ. ಅದರ ಪೇಟೆ ಬೀದಿಯೇ ಹೆದ್ದಾರಿ. ಬಿ.ಎಚ್. ರಸ್ತೆ ಎಂದು ಎಲ್ಲರೂ ಕರೆಯುವ ಬೆಂಗಳೂರು–ಹೊನ್ನಾವರ ರಸ್ತೆ ಊರಿನ ಹೊಟ್ಟೆಯೊಳಗಿಂದಲೇ ಹಾದು ಹೋಗುತ್ತದೆ. ಪಕ್ಕದ ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಕತೆಯೂ ಹೆಚ್ಚು ಬೇರೆಯಲ್ಲ. ಅಲ್ಲಿ ಹಾದು ಹೋಗುವುದು ರಾಷ್ಟ್ರೀಯ ಹೆದ್ದಾರಿ 150ಎ. ಎರಡೂ ಹೆದ್ದಾರಿಗಳು ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಹೀಗಾಗಿ ದೂರದೂರಿಗೆ ಹೋಗುವ ಲಾರಿ, ಕೊಬ್ಬರಿ ಚೀಲ ಹೊತ್ತ ಟೆಂಪೊ, ಹಳ್ಳಿಯಿಂದ ಬಂದ ಬೈಕು, ಶಾಲೆಗೆ ಹೋಗುವ ಮಗು ಎಲ್ಲರಿಗೂ ಅದೇ ಒಂದು ರಸ್ತೆ.

ಇದರಲ್ಲಿ ಸೋಲುವವರು ಯಾರು? ನಡೆಯುವವರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಜೀವ ಕಳಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಹತ್ತಿರ ಹತ್ತಿರ ಒಬ್ಬರು ಯಾವ ಗಾಡಿಯಲ್ಲೂ ಇರಲಿಲ್ಲ, ಸುಮ್ಮನೆ ನಡೆಯುತ್ತಿದ್ದರು ಅಥವಾ ರಸ್ತೆ ದಾಟುತ್ತಿದ್ದರು.

ಈಗ ತಿಪಟೂರಿಗೆ ಒಂದು ಅವಕಾಶ ಬಂದಿದೆ. ತುಮಕೂರು–ಶಿವಮೊಗ್ಗ ಚತುಷ್ಪಥ ಯೋಜನೆಯಲ್ಲಿ ಈ ಊರಿಗೆ ಬೈಪಾಸ್ ಇದೆ. ದೂರದ ಲಾರಿಗಳು ಹೊರಗಿಂದಲೇ ಹೋದರೆ ಊರೊಳಗಿನ ಹಳೇ ರಸ್ತೆ ಊರಿನವರದ್ದಾಗುತ್ತದೆ. ಆಗ ಅದನ್ನು ಏನು ಮಾಡುವುದು ಎಂಬುದೇ ಪ್ರಶ್ನೆ. ಸುಮ್ಮನೆ ಬಿಟ್ಟರೆ ಏನಾಗ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಲಾರಿ ಬಿಟ್ಟ ಜಾಗದಲ್ಲಿ ಕಾರು ನಿಲ್ತದೆ, ಖಾಲಿ ರಸ್ತೆ ಎಂದು ಬೈಕಿನವರು ಇನ್ನೂ ಜೋರು ಓಡಿಸ್ತಾರೆ. ನಡೆಯುವವರು ಮೊದಲಿದ್ದಲ್ಲೇ, ಚರಂಡಿಯ ಅಂಚಿನಲ್ಲೇ!

ಬೇರೆ ಊರಿನವರು ಮಾಡಿದ್ದನ್ನು ನೋಡೋಣ. ಬೆಂಗಳೂರಿನ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್ ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದರು. ಅದರ ಗುಟ್ಟು ಸರಳ. ವಾಹನದ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ನಿಲ್ಲಿಸಿ, ಉಳಿದ ಜಾಗವನ್ನೆಲ್ಲ ಫುಟ್‌ಪಾತಿಗೆ ಕೊಡುವುದು. ನೀರು, ಕರೆಂಟು, ಕೇಬಲ್ ಎಲ್ಲವನ್ನೂ ಅದರ ಅಡಿಗೆ ಹಾಕಿ, ಮತ್ತೆ ಮತ್ತೆ ರಸ್ತೆ ಅಗೆಯುವುದನ್ನು ತಪ್ಪಿಸುವುದು. 2018ರಲ್ಲಿ ಹೊಸ ರೂಪ ಪಡೆದ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನವೇ ಇರಲಿಲ್ಲ. ಆಮೇಲೆ ವಾಹನಗಳು ಪುನಃ ಬಂದವು. ಕಲ್ಲು ಹಾಸಿದರೆ ಮಾತ್ರ ಸಾಲದು, ನಿಯಮವೂ ನಿಲ್ಲಬೇಕು ಎಂಬ ಪಾಠ ಅದರಲ್ಲಿ ಇದೆ.

ಅದು ರಾಜಧಾನಿ, ನಮ್ಮಂಥ ಸಣ್ಣ ಊರಿಗೆ ಇದೆಲ್ಲ ಎಲ್ಲಿಂದ ಅಂತೀರಾ? ಸ್ಪೇನ್ ದೇಶದ ಪೊಂಟೆವೆದ್ರ ಕೂಡ ದೊಡ್ಡ ನಗರವಲ್ಲ, ಎಂಬತ್ತು ಸಾವಿರ ಚಿಲ್ಲರೆ ಜನ. 2011ರ ಜನಗಣತಿಯಲ್ಲಿ ತಿಪಟೂರಿನದ್ದು ಸುಮಾರು 60 ಸಾವಿರ. ಪೊಂಟೆವೆದ್ರದಲ್ಲಿ 1999ರಲ್ಲಿ ಹೊಸ ಮೇಯರ್ ಬಂದ ಮೇಲೆ ಪೇಟೆಯ ನಡುವಿನಿಂದ ಕಾರುಗಳನ್ನು ಹೊರಗಿಟ್ಟರು. ಹಾಗೆಂದು ಎಲ್ಲವನ್ನೂ ಬಂದ್ ಮಾಡಲಿಲ್ಲ. ಅಂಗಡಿಗೆ ಸಾಮಾನು ತರುವ ಗಾಡಿಗೆ, ತುರ್ತು ಸೇವೆಗೆ ದಾರಿ ಇದೆ. ಸುಮ್ಮನೆ ಹಾದು ಹೋಗುವ ಕಾರಿಗೆ ಮಾತ್ರ ಇಲ್ಲ.

ತಿಪಟೂರಿನಲ್ಲಿ ಇಷ್ಟು ದೊಡ್ಡದು ಬೇಡ. ನಡೆಯಲು ಕನಿಷ್ಠ 1.8 ಮೀಟರ್ ಅಗಲದ, 15 ಸೆಂಟಿಮೀಟರಿಗಿಂತ ಎತ್ತರವಿಲ್ಲದ ಫುಟ್‌ಪಾತ್ ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯೇ ಹೇಳುತ್ತದೆ. ಎತ್ತರ ಹೆಚ್ಚಾದರೆ ಮೊಣಕಾಲು ನೋವಿನ ಅಜ್ಜಿಯಂದಿರು ಹತ್ತುವುದೇ ಇಲ್ಲ, ರಸ್ತೆಗಿಳಿದೇ ನಡೀತಾರೆ. ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಶಾಲೆಗಳ ಎದುರು ದಾಟುವ ಜಾಗವನ್ನು ರಸ್ತೆಗಿಂತ ತುಸು ಎತ್ತರಿಸಿದರೆ ಗಾಡಿ ತಾನಾಗಿ ನಿಧಾನವಾಗ್ತದೆ. ಲೋಡಿಂಗ್‌ಗೆ ಬೆಳಗ್ಗಿನ ಹೊತ್ತು ಗೊತ್ತು ಮಾಡಬಹುದು. ಬೀದಿ ಬದಿಯ ವ್ಯಾಪಾರಿಗಳನ್ನು ಓಡಿಸಬೇಕಾಗಿಲ್ಲ. 2014ರ ಕಾನೂನಿನ ಪ್ರಕಾರ ಅವರಿಗೆ ಜಾಗ ಗುರುತಿಸಿ ಕೊಡುವುದು ಪಟ್ಟಣ ಆಡಳಿತದ ಹೊಣೆ.

ಇನ್ನು ಸೈಕಲ್. ನಮ್ಮ ಮಂಗಳೂರಿನಂತೆ ಅಲ್ಲಿ ಏರು ತಗ್ಗಿನ ಕಷ್ಟ ಇಲ್ಲ. ಮೈಸೂರು 2017ರಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಶುರು ಮಾಡಿತು. 2006ರಿಂದ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು, ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಆ ಸೈಕಲ್‌ನಲ್ಲಿ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರು. ಸೈಕಲ್ ಇದ್ದರೂ ಓಡಿಸಲು ಧೈರ್ಯ ಬರುವ ಒಂದು ಬದಿ ರಸ್ತೆಯಲ್ಲಿ ಇರಬೇಕಲ್ಲ?

ವ್ಯಾಪಾರ ಹಾಳಾಗ್ತದೆ ಎಂಬ ಹೆದರಿಕೆ ಅಂಗಡಿಯವರಿಗೆ ಇದ್ದೇ ಇದೆ. ವ್ಯಾಪಾರವನ್ನೇ ನಂಬಿ ಬದುಕುವ ನಮಗೆ ಅದು ಅರ್ಥವಾಗದ ಮಾತಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಅಂಗಡಿಯ ಎದುರು ಒಂದು ಕಾರು ಬೆಳಗ್ಗಿನಿಂದ ಸಂಜೆವರೆಗೆ ನಿಂತರೆ ಆ ಜಾಗದಿಂದ ಬಂದ ಗಿರಾಕಿ ಒಬ್ಬನೇ. ಅದೇ ಜಾಗದಲ್ಲಿ ಜನ ನಡೆದರೆ ಅಂಗಡಿಯ ಸಾಮಾನು ನೂರಾರು ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ಎದುರು ನಿಂತ ಆ ಬೈಕು, ಕಾರು ಅಂಗಡಿಯವರದ್ದೇ ಆಗಿರ್ತದೆ ಎಂಬುದೂ ಸುಳ್ಳಲ್ಲ.

ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಂಗವಿಕಲರೂ ಅದರಲ್ಲಿ ಸಾಗುವಂತಿರಬೇಕು ಎಂದೂ ಹೇಳಿದೆ. ದಾರಿಯಲ್ಲಿನ ಅಡ್ಡಿ ತೆಗೆಯುವುದೂ ಈಮಾನಿನ ಭಾಗ ಎಂದು ಮದ್ರಸದಲ್ಲೇ ಕಲಿತ ನಮಗಂತೂ ಇದು ಹೊಸ ಮಾತಲ್ಲ. ಜುಮಾದ ದಿನ ಮಸೀದಿ ಎದುರು ನಮ್ಮ ಗಾಡಿ ಎಲ್ಲಿ ನಿಲ್ತದೆ ಎಂದು ಒಮ್ಮೆ ನೋಡಿಕೊಂಡರೂ ಸಾಕು.

ಇದೇ ಹೆದ್ದಾರಿ 73 ಬೆಳ್ತಂಗಡಿ, ಉಜಿರೆಯ ಪೇಟೆಯನ್ನೂ ಸೀಳಿಕೊಂಡು ಹೋಗ್ತದೆ. ರಸ್ತೆ ಅಗಲವಾಗಲಿ ಎಂದು ನಾವೆಲ್ಲ ಒತ್ತಾಯಿಸಿದವರೇ. ಆ ಅಗಲದಲ್ಲಿ ನಡೆಯುವವರಿಗೆ ಎಷ್ಟು ಅಡಿ ಎಂದು ಕೇಳಿದವರು ಕಡಿಮೆ. ನಕ್ಷೆ ಮುಗಿದು ಡಾಮರು ಬಿದ್ದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ತಿಪಟೂರಿನವರೂ ಬೈಪಾಸಿನ ಟೇಪು ಕತ್ತರಿಸುವ ಮೊದಲೇ ನಗರಸಭೆಯಲ್ಲಿ ಇದನ್ನು ಕೇಳಬೇಕು, ನಾವು ನಮ್ಮ ಪಂಚಾಯತಿಯಲ್ಲಿ.