ಆಪತ್ತಿನ ಲೆಕ್ಕ: ಮನೆ, ವಾಹನ ಮತ್ತು ವಿಮೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ನಮ್ಮಲ್ಲಿ ಬಹು ಕಾಲದಿಂದ ಬಂದುದು. ಒಂದು ಮನೆಯ ಹಿಂದೆ ಎಷ್ಟು ವರ್ಷಗಳ ದುಡಿಮೆ, ಎಷ್ಟು ಸಾಲ, ಎಷ್ಟು ಆಸೆ ಅಡಗಿರುವುದೆಂಬುದನ್ನು ಅದು ಕೆಲವೇ ಮಾತುಗಳಲ್ಲಿ ಹೇಳಿಬಿಡುತ್ತದೆ. ಹೀಗೆ ಕಟ್ಟಿದ ಮನೆ ಒಂದೇ ರಾತ್ರಿಯಲ್ಲಿ ಇಲ್ಲವಾದರೆ ಮಾಡುವುದೇನು? ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯವರಾದ ನಮಗೆ ಇದು ಬರಿಯ ಊಹೆಯ ಪ್ರಶ್ನೆಯಲ್ಲ. ೨೦೦೫, ೨೦೧೯ ಮತ್ತು ೨೦೨೧ರ ಮುಂಗಾರುಗಳಲ್ಲಿ ಸಹ್ಯಾದ್ರಿಯ ಮೇಲೆ ಬಿದ್ದ ಮಳೆಯು ಕೃಷ್ಣೆ, ದೂಧಗಂಗೆ, ವೇದಗಂಗೆಗಳನ್ನು ಉಕ್ಕಿಸಿ ದಂಡೆಯ ಹಳ್ಳಿಗಳನ್ನು ನೀರಿನಲ್ಲಿ ನಿಲ್ಲಿಸಿತು. ಸರಕಾರದ ನೆರವು ಬರುವುದು ನಿಜ. ಆದರೆ ಎಷ್ಟು ಬರುವುದು, ಎಂದು ಬರುವುದು ಎಂಬುದು ನಮ್ಮ ಕೈಯಲ್ಲಿಲ್ಲ. ಕರಾರಿನ ಬಲದಿಂದ, ಹಕ್ಕಾಗಿ ಕೇಳಬಹುದಾದ ನೆರವು ಇನ್ನೊಂದುಂಟು. ಅದೇ ವಿಮೆ.

ವಿಮೆಯೆಂದರೆ ಏಜೆಂಟರ ಮಾತುಗಾರಿಕೆಯ ವಿಷಯ, ವಿಜ್ಞಾನಕ್ಕೂ ಅದಕ್ಕೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ವಿಮೆಯ ಬುಡದಲ್ಲಿರುವುದು ಗಣಿತ. ಅದು ರಕ್ಷಿಸಲು ಹೊರಟಿರುವ ಆಪತ್ತುಗಳ ಬುಡದಲ್ಲಿರುವುದು ಭೌತವಿಜ್ಞಾನ. ಎರಡನ್ನೂ ಸ್ವಲ್ಪ ಪರಿಶೀಲಿಸೋಣ.

ಸಾವಿರ ಮನೆಗಳ ನಿಧಿ

ಕೂಡಿ ಕಷ್ಟವನ್ನು ಹಂಚಿಕೊಳ್ಳುವುದು ನಮ್ಮ ರೈತರಿಗೆ ಹೊಸದಲ್ಲ. ಒಬ್ಬನ ಹೊಲಕ್ಕೆ ಹತ್ತು ಜನ ಹೋಗಿ ದುಡಿಯುವ ಮುಯ್ಯಿಯ ಪದ್ಧತಿ ಇದೇ ಬಗೆಯದು. ಅದನ್ನೇ ಹಣಕ್ಕೆ ಅನ್ವಯಿಸಿ ನೋಡೋಣ. ಅಥಣಿ ತಾಲ್ಲೂಕಿನ ಅನಂತಪುರದಂತಹ ಒಂದು ಊರಿನಲ್ಲಿ ೧,೦೦೦ ಮನೆಗಳಿವೆಯೆಂದೂ, ಒಂದೊಂದರ ಬೆಲೆ ೧೦ ಲಕ್ಷ ರೂಪಾಯಿಯೆಂದೂ, ಯಾವುದೇ ಒಂದು ಮನೆಗೆ ಒಂದು ವರ್ಷದಲ್ಲಿ ಬೆಂಕಿ ತಗಲುವ ಸಂಭವ ಸಾವಿರಕ್ಕೆ ಒಂದೆಂದೂ ಲೆಕ್ಕಕ್ಕಾಗಿ ಭಾವಿಸೋಣ. ಸರಾಸರಿಯಲ್ಲಿ ವರ್ಷಕ್ಕೆ ಒಂದು ಮನೆ ಸುಡುತ್ತದೆ. ಆದುದರಿಂದ ಪ್ರತಿಯೊಬ್ಬರೂ ವರ್ಷಕ್ಕೆ ೧,೦೦೦ ರೂಪಾಯಿ ಹಾಕಿದರೆ ೧೦ ಲಕ್ಷ ಕೂಡುತ್ತದೆ. ನಷ್ಟ ಹೊಂದಿದವನ ಮನೆ ಮತ್ತೆ ಏಳುತ್ತದೆ. ಮೇಲ್ನೋಟಕ್ಕೆ ಲೆಕ್ಕ ಸರಿಯಾಗಿದೆ.

ಆದರೆ ಸರಾಸರಿ ಎಂಬುದು ಪ್ರತಿ ವರ್ಷವೂ ನಡೆಯುವ ಸಂಗತಿಯಲ್ಲ. ಸಂಭವನೀಯತೆಯ ಗಣಿತದಂತೆ ಎಣಿಸಿದರೆ, ನೂರು ವರ್ಷಗಳಲ್ಲಿ ಸುಮಾರು ೩೭ ವರ್ಷ ಒಂದು ಮನೆಯೂ ಸುಡುವುದಿಲ್ಲ. ಸುಮಾರು ೩೭ ವರ್ಷ ಒಂದೇ ಮನೆ ಸುಡುತ್ತದೆ. ಉಳಿದ ಸುಮಾರು ೨೬ ವರ್ಷಗಳಲ್ಲಿ ಎರಡೋ ಮೂರೋ, ಅದಕ್ಕಿಂತ ಹೆಚ್ಚೋ ಸುಡುತ್ತವೆ. ಅಂದರೆ ಆಯಾ ವರ್ಷ ಕೂಡಿದ ಹಣವನ್ನು ಮಾತ್ರ ನಂಬಿದ ನಿಧಿಯು ನಾಲ್ಕು ವರ್ಷಕ್ಕೊಮ್ಮೆಯಾದರೂ ಕೈಚೆಲ್ಲುತ್ತದೆ.

ಈಗ ಊರಿನ ಬದಲು ದೇಶವನ್ನೇ ತೆಗೆದುಕೊಳ್ಳೋಣ. ಮನೆಗಳ ಸಂಖ್ಯೆ ೧೦ ಲಕ್ಷವಾಗಲಿ. ಸರಾಸರಿಯಂತೆ ೧,೦೦೦ ಮನೆಗಳು ಸುಡಬೇಕು. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತವು ಸಾಮಾನ್ಯವಾಗಿ ಈ ಸಂಖ್ಯೆಯ ವರ್ಗಮೂಲದಷ್ಟು, ಎಂದರೆ ಸುಮಾರು ೩೨. ಸಾವಿರಕ್ಕೆ ಮೂವತ್ತೆರಡು ಎಂದರೆ ನೂರಕ್ಕೆ ಮೂರರಷ್ಟು ಮಾತ್ರ. ಪ್ರತಿಯೊಬ್ಬರಿಂದ ೧,೦೦೦ದ ಬದಲು ೧,೧೦೦ ರೂಪಾಯಿ ಪಡೆದರೆ ನಿಧಿ ಬರಿದಾಗುವ ಸಂಭವ ತೀರ ಅಲ್ಪ. ಒಬ್ಬನ ಪಾಲಿಗೆ ಏನಾಗುವುದೆಂದು ಯಾರೂ ಹೇಳಲಾರರು; ಹತ್ತು ಲಕ್ಷ ಜನರ ಪಾಲಿಗೆ ಏನಾಗುವುದೆಂದು ಸಾಕಷ್ಟು ನಿಖರವಾಗಿ ಹೇಳಬಹುದು. ಈ ತತ್ತ್ವವನ್ನು ಮೊದಲು ಗಣಿತದ ಕಟ್ಟಿಗೆ ತಂದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಅವನ ಗ್ರಂಥವು ಅವನು ತೀರಿಕೊಂಡ ಮೇಲೆ, ೧೭೧೩ರಲ್ಲಿ ಪ್ರಕಟವಾಯಿತು. ಅನಿಲದ ಒಂದು ಅಣು ಎತ್ತ ಹೋಗುವುದೆಂದು ತಿಳಿಯದಿದ್ದರೂ ಕೋಟಿ ಕೋಟಿ ಅಣುಗಳ ಒತ್ತಡವನ್ನು ನಾವು ಅಳೆಯಬಲ್ಲೆವಷ್ಟೆ. ಅಲ್ಲಿಯೂ ಇಲ್ಲಿಯೂ ನಡೆಯುವುದು ಒಂದೇ ನಿಯಮ.

ನದಿ ಈ ಲೆಕ್ಕವನ್ನು ಕೆಡಿಸುವ ಬಗೆ

ಮೇಲಿನ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಒಂದು ಮನೆಯ ಆಪತ್ತಿಗೂ ಇನ್ನೊಂದು ಮನೆಯ ಆಪತ್ತಿಗೂ ಸಂಬಂಧವಿರಬಾರದು. ಅಡುಗೆಮನೆಯ ಬೆಂಕಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಪ್ರವಾಹದ ವಿಷಯದಲ್ಲಿ ಹಾಗಲ್ಲ. ಕೃಷ್ಣೆ ಒಂದು ಮನೆಯನ್ನು ಆರಿಸಿಕೊಂಡು ಬರುವುದಿಲ್ಲ. ಬಂದರೆ ಇಡೀ ಓಣಿಗೆ, ಹತ್ತಾರು ಊರುಗಳಿಗೆ ಒಮ್ಮೆಗೇ ಬರುತ್ತಾಳೆ. ಆಗ ನೆರೆಮನೆಯವನ ನೆರವಿಗೆ ಬರಬೇಕಾದವನೇ ಶಾಲೆಯ ಕಟ್ಟಡದಲ್ಲಿ ಆಸರೆ ಪಡೆದಿರುತ್ತಾನೆ. ದಂಡೆಯ ಹಳ್ಳಿಗಳೇ ಸೇರಿ ಪ್ರವಾಹದ ನಿಧಿಯೊಂದನ್ನು ಮಾಡಿದರೆ ಅದು ನಿಲ್ಲದಿರುವುದು ಇದರಿಂದಲೇ.

ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪಟ್ಟಣವು ಈ ಪಾಠವನ್ನು ಬೆಂಕಿಯಿಂದಲೇ ಕಲಿಯಿತು. ೧೮೬೧ರ ಮೇ ತಿಂಗಳಲ್ಲಿ ಜೋರು ಗಾಳಿಗೆ ಹಬ್ಬಿದ ಉರಿ ಆ ಪಟ್ಟಣದ ಬಹುಭಾಗವನ್ನು ಸುಟ್ಟಿತು; ಅಲ್ಲಿಯ ವಿಮೆಯ ಹಣ ಸಾಲದಾಯಿತು. ಎರಡು ವರ್ಷಗಳ ತರುವಾಯ, ೧೮೬೩ರಲ್ಲಿ, ಜ್ಯೂರಿಕ್ ನಗರದಲ್ಲಿ ವಿಮಾ ಸಂಸ್ಥೆಗಳಿಗೇ ವಿಮೆ ನೀಡುವ ಸಂಸ್ಥೆಯೊಂದು ಹುಟ್ಟಿತು. ಇದಕ್ಕೆ ಮರುವಿಮೆಯೆಂದು ಹೆಸರು. ನಮ್ಮ ದೇಶದಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಸಾಮಾನ್ಯ ವಿಮಾ ನಿಗಮವು ೨೦೦೦ದಿಂದ ಈ ಕೆಲಸವನ್ನು ನಿರ್ವಹಿಸುತ್ತಿದೆ. ಕೃಷ್ಣಾ ತೀರದ ಪ್ರವಾಹ, ಜಪಾನಿನ ಭೂಕಂಪ, ಅಮೆರಿಕದ ಬಿರುಗಾಳಿ ಇವುಗಳಿಗೆ ಪರಸ್ಪರ ಸಂಬಂಧವಿಲ್ಲ. ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದಾಗ ಬರ್ನೂಲಿಯ ನಿಯಮ ಮತ್ತೆ ಕೆಲಸ ಮಾಡತೊಡಗುತ್ತದೆ.

ಮನೆಯ ವಿಮೆ

ಮನೆಗಳಿಗಾಗಿ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯು ೨೦೨೧ರ ಏಪ್ರಿಲ್ ೧ರಿಂದ ದೇಶದಲ್ಲೆಲ್ಲ ಜಾರಿಗೆ ಬಂದಿತು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಭೂಕುಸಿತ ಮೊದಲಾದವು ಅದರ ವ್ಯಾಪ್ತಿಗೆ ಸೇರಿವೆ. ಇಲ್ಲಿ ವಿಮೆ ಮಾಡುವುದು ಕಟ್ಟಡಕ್ಕೆ. ಜಾಗದ ಬೆಲೆಗೆ ಅಲ್ಲ. ಪ್ರವಾಹ ಇಳಿದ ಮೇಲೂ ಜಾಗ ಅಲ್ಲೇ ಇರುತ್ತದಷ್ಟೆ. ಮನೆಯ ಒಳವಿಸ್ತೀರ್ಣವನ್ನು ಇಂದಿನ ಕಟ್ಟಡ ವೆಚ್ಚದ ದರದಿಂದ ಗುಣಿಸಿದರೆ ವಿಮೆಯ ಮೊತ್ತ ಸಿಗುತ್ತದೆ. ಕಟ್ಟಡಕ್ಕೆ ವಿಮೆ ಮಾಡಿದರೆ ಮನೆಯೊಳಗಿನ ಸಾಮಾನುಗಳಿಗೂ ಅದರ ಶೇಕಡಾ ೨೦ರಷ್ಟು, ಹೆಚ್ಚೆಂದರೆ ೧೦ ಲಕ್ಷ ರೂಪಾಯಿಯವರೆಗೆ, ರಕ್ಷಣೆ ತಾನಾಗಿ ಬರುತ್ತದೆ. ಒಡವೆಗಳಂತಹ ಬೆಲೆಬಾಳುವ ವಸ್ತುಗಳಿಗೆ ಬೇರೆಯಾಗಿಯೇ ಕೇಳಬೇಕು.

ಎರಡು ಮಾತುಗಳನ್ನು ಮರೆಯಬಾರದು. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮನೆ ನದಿಗೆ ಎಷ್ಟು ಸಮೀಪ ಎಂಬುದನ್ನು ಅರ್ಜಿಯಲ್ಲಿ ಇದ್ದಂತೆ ಬರೆಯಬೇಕು. ಮರೆಮಾಚಿದ ಸಂಗತಿ ಪರಿಹಾರದ ವೇಳೆಯಲ್ಲಿ ನಮಗೇ ಎದುರು ನಿಲ್ಲುತ್ತದೆ. ಇನ್ನೊಂದು, ನೀರು ಹೊಸ್ತಿಲಿಗೆ ಬಂದ ಮೇಲೆ ವಿಮೆ ಮಾಡಲು ಹೊರಟರೆ ಪ್ರಯೋಜನವಿಲ್ಲ. ವಿಮೆಯಿರುವುದು ಆಗಬಹುದಾದುದಕ್ಕೆ, ಆಗಿಯೇ ತೀರುವುದಕ್ಕೆ ಅಲ್ಲ.

ವಾಹನ ಮತ್ತು ವೇಗದ ವರ್ಗ

ಮನೆಯ ವಿಮೆ ನಮ್ಮ ಇಷ್ಟಕ್ಕೆ ಬಿಟ್ಟದ್ದು. ವಾಹನದ ವಿಮೆ ಹಾಗಲ್ಲ. ವಾಹನದಿಂದ ಅನ್ಯರಿಗೆ ಆಗುವ ಹಾನಿಗೆ ವಿಮೆಯಿರಲೇಬೇಕೆಂಬ ವಿಧಿ ೧೯೩೯ರ ಮೋಟಾರು ವಾಹನ ಕಾಯಿದೆಯಲ್ಲಿತ್ತು. ೧೯೮೮ರ ಕಾಯಿದೆಯಲ್ಲಿಯೂ ಇದೆ. ಕಾರಣ ಸ್ಪಷ್ಟ. ನಮ್ಮ ಮನೆ ಸುಟ್ಟರೆ ನಷ್ಟ ನಮ್ಮದು. ನಮ್ಮ ವಾಹನ ದಾರಿಹೋಕನಿಗೆ ತಗುಲಿದರೆ ನಷ್ಟ ಏನೂ ಅರಿಯದ ಅವನ ಸಂಸಾರದ್ದು. ೨೦೧೮ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ೩ ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ೫ ವರ್ಷದ ಇಂತಹ ವಿಮೆಯನ್ನು ಕೊಳ್ಳುವಾಗಲೇ ಪಡೆಯಬೇಕಾಗಿದೆ. ನಮ್ಮ ವಾಹನಕ್ಕೇ ಆಗುವ ಜಖಮ್ಮಿಗೆ ಬೇರೆ ವಿಮೆ ಬೇಕು. ಅದರಲ್ಲಿ ಒಂದು ವರ್ಷ ಪರಿಹಾರ ಕೇಳದಿದ್ದರೆ ಮುಂದಿನ ಕಂತಿನಲ್ಲಿ ಶೇಕಡಾ ೨೦ ರಿಯಾಯಿತಿ ಸಿಗುತ್ತದೆ. ಐದು ವರ್ಷ ಕೇಳದಿದ್ದರೆ ಅದು ೫೦ಕ್ಕೆ ಏರುತ್ತದೆ. ಸಣ್ಣ ಗೀರುಗಳಿಗೆಲ್ಲ ಪರಿಹಾರ ಕೇಳುವುದು ಲಾಭವಲ್ಲ.

ನಮ್ಮ ಭಾಗದ ಒಂದು ನಿತ್ಯದ ಅಪಾಯವನ್ನು ಲೆಕ್ಕ ಹಾಕೋಣ. ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಗಳ ಕಡೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ರಾತ್ರಿಯೆಲ್ಲ ಸಾಗುತ್ತವೆ. ಹಿಂದಿನ ಟ್ರೇಲರಿಗೆ ದೀಪವಿಲ್ಲ. ಪ್ರತಿಫಲಕದ ಪಟ್ಟಿಯಿದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಹಿಂದಿನಿಂದ ಬರುವ ಮೋಟಾರ್ ಸೈಕಲ್ ಸವಾರನಿಗೆ ಅದು ೪೦ ಮೀಟರು ದೂರದಲ್ಲಿ ಕಾಣಿಸಿತೆನ್ನೋಣ. ಟ್ರೇಲರು ಕೆಟ್ಟು ನಿಂತಿದೆ ಎನ್ನೋಣ. ಕಂಡುದನ್ನು ಅರಿತು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕು. ಬ್ರೇಕಿನಿಂದ ವೇಗವು ಸೆಕೆಂಡಿಗೆ ೬ ಮೀಟರಿನಂತೆ ಕುಗ್ಗುತ್ತದೆ. ಗಂಟೆಗೆ ೪೦ ಕಿ.ಮೀ. ವೇಗದವನು ಆ ಒಂದು ಸೆಕೆಂಡಿನಲ್ಲಿ ೧೧ ಮೀಟರು, ಬ್ರೇಕು ಹಾಕಿದ ಮೇಲೆ ೧೦ ಮೀಟರು, ಒಟ್ಟು ೨೧ ಮೀಟರು ಸಾಗಿ ನಿಲ್ಲುತ್ತಾನೆ. ೮೦ ಕಿ.ಮೀ. ವೇಗದವನಿಗೆ ೨೨ ಮತ್ತು ೪೧, ಒಟ್ಟು ೬೩ ಮೀಟರು ಬೇಕು. ವೇಗ ಎರಡು ಪಾಲಾದರೆ ಬ್ರೇಕಿನ ದೂರ ನಾಲ್ಕು ಪಾಲಾಗುತ್ತದೆ. ಚಲನಶಕ್ತಿಯು ವೇಗದ ವರ್ಗದಂತೆ ಏರುವುದೇ ಇದಕ್ಕೆ ಕಾರಣ. ಇರುವುದು ೪೦ ಮೀಟರು ಮಾತ್ರ. ಲೆಕ್ಕವನ್ನು ಮುಂದುವರಿಸಿದರೆ ಅವನು ಟ್ರೇಲರಿಗೆ ಬಡಿಯುವಾಗಲೂ ಅವನ ವೇಗ ಗಂಟೆಗೆ ಸುಮಾರು ೬೦ ಕಿ.ಮೀ. ಇರುತ್ತದೆ! ನೂರು ರೂಪಾಯಿಯ ಪ್ರತಿಫಲಕದ ಪಟ್ಟಿಯು ಆ ೪೦ ಮೀಟರನ್ನು ನೂರಾರು ಮೀಟರಾಗಿಸಬಲ್ಲುದು.

ಟ್ರ್ಯಾಕ್ಟರಿನಂತೆ ಟ್ರೇಲರಿಗೂ ವಿಮೆ ಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಜಾತ್ರೆಗೋ ಮದುವೆಗೋ ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಹೋದರೆ ಅವರಿಗೆ ಆ ವಿಮೆಯ ರಕ್ಷಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಅದು ಸರಕಿನ ಬಂಡಿ. ವಿದ್ಯಾರ್ಥಿಗಳು ಗಮನಿಸಬೇಕಾದುದು ಇನ್ನೊಂದು. ಪರವಾನಗಿ ಇಲ್ಲದವನು ಓಡಿಸಿ ಅಪಘಾತವಾದರೆ, ವಿಮಾ ಸಂಸ್ಥೆಯು ಗಾಯಗೊಂಡವರಿಗೆ ಹಣ ಕೊಟ್ಟು ಅದನ್ನು ಒಡೆಯನಿಂದ ವಸೂಲು ಮಾಡಲೆಂದು ನ್ಯಾಯಾಲಯಗಳು ಆದೇಶಿಸಿರುವುದುಂಟು. ಹದಿನೆಂಟು ತುಂಬದವನು ಓಡಿಸಿ ಅಪರಾಧವಾದರೆ, ೨೦೧೯ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಒಡೆಯನಿಗೆ ೩ ವರ್ಷದವರೆಗೆ ಸೆರೆವಾಸವೂ ೨೫,೦೦೦ ರೂಪಾಯಿ ದಂಡವೂ ಆಗಬಹುದು. ತಂದೆಯ ಗಾಡಿಯನ್ನು ಒಂದು ಸುತ್ತು ಓಡಿಸಿ ಬರುವ ಉತ್ಸಾಹಕ್ಕೆ ಮನೆ, ಹೊಲಗಳೇ ಬೆಲೆಯಾಗಬಹುದು.

ನೀರಿನಲ್ಲಿ ಮುಳುಗಿದ ವಾಹನವನ್ನು ನೀರು ಇಳಿದ ಕೂಡಲೆ ಚಾಲೂ ಮಾಡಬಾರದು. ಎಂಜಿನ್ನಿನ ಉರುಳೆಯಲ್ಲಿ ಕೊಂತವು ಅದುಮುವುದು ಗಾಳಿಯನ್ನು. ನೀರು ಅದುಮಿದರೆ ಕುಗ್ಗುವ ವಸ್ತುವಲ್ಲ. ಮೇಲೇರುವ ಕೊಂತ ನೀರಿಗೆ ತಡೆದು ಅದರ ದಂಡ ಬಾಗುತ್ತದೆ. ಇಂತಹ ಹಾನಿಯು ಪ್ರವಾಹದಿಂದಲ್ಲ, ಚಾಲೂ ಮಾಡಿದ್ದರಿಂದ ಆಯಿತೆಂದು ಪರಿಹಾರವನ್ನು ನಿರಾಕರಿಸುವುದುಂಟು. ಆದುದರಿಂದ ಮೊದಲು ಫೋಟೋ ತೆಗೆದು, ವಿಮಾ ಸಂಸ್ಥೆಗೆ ತಿಳಿಸಿ, ವಾಹನವನ್ನು ಎಳೆಸಿಕೊಂಡೇ ಮೆಕ್ಯಾನಿಕರ ಬಳಿಗೆ ಒಯ್ಯಬೇಕು.

ಮನೆಯೊಳಗಿನ ಎಚ್ಚರಿಕೆ

ವಿಮೆಯು ಕಂತು ಕಟ್ಟಿದವನಿಗೆ ಹಣ ಕೊಡಬಲ್ಲುದು, ಜೀವವನ್ನು ಕೊಡಲಾರದು. ಮನೆಯೊಳಗಿನ ಎರಡು ಅಪಾಯಗಳನ್ನಾದರೂ ಎಲ್ಲರೂ ಅರಿತಿರಬೇಕು.

ಅಡುಗೆಯ ಅನಿಲವು ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಇವುಗಳ ಅಣುತೂಕ ೪೪ ಮತ್ತು ೫೮. ಗಾಳಿಯದು ಸರಾಸರಿ ೨೯. ಆದುದರಿಂದ ಸೋರಿದ ಅನಿಲವು ಹೊಗೆಯಂತೆ ಮೇಲೇರದೆ ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಒಂದು ಕಿಡಿ ಸಾಕು. ಮೂರು ಮೀಟರು ಉದ್ದಗಲದ ಅಡುಗೆಮನೆಯಲ್ಲಿ ಈ ಮಟ್ಟ ಮುಟ್ಟಲು ಸುಮಾರು ಒಂದು ಕಿಲೋಗ್ರಾಂ ಅನಿಲ ಸಾಲುತ್ತದೆ, ಸಿಲಿಂಡರಿನಲ್ಲಿರುವುದು ೧೪.೨ ಕಿಲೋಗ್ರಾಂ. ನೆಲದ ಬಳಿಯಲ್ಲಂತೂ ಇದಕ್ಕಿಂತ ಕಡಿಮೆಯೇ ಸಾಕು. ವಾಸನೆ ಬಂದಾಗ ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು. ಎರಡರಲ್ಲೂ ಕಿಡಿ ಹುಟ್ಟುತ್ತದೆ. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲುಗಳನ್ನು ತೆರೆದು ಹೊರಗೆ ಬಂದು, ೧೯೦೬ ಸಂಖ್ಯೆಗೆ ಕರೆ ಮಾಡಬೇಕು. ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ನೋಂದಾಯಿತ ಗ್ರಾಹಕರ ಪರವಾಗಿ ತೈಲ ಕಂಪನಿಗಳು ವಿಮೆ ಮಾಡಿಸಿರುತ್ತವೆ ಎಂಬುದು ಎಷ್ಟೋ ಮನೆಯವರಿಗೆ ತಿಳಿದೇ ಇಲ್ಲ.

ಇನ್ನೊಂದು ವಿದ್ಯುಚ್ಛಕ್ತಿ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗದಂತೆ ಏರುತ್ತದೆ. ಒಂದೇ ಪ್ಲಗ್ಗಿಗೆ ಎರಡು ಪಟ್ಟು ಹೊರೆ ಹಾಕಿದರೆ ತಂತಿ ನಾಲ್ಕು ಪಟ್ಟು ಕಾಯುತ್ತದೆ. ಸುಟ್ಟ ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ ಕಟ್ಟುವುದೆಂದರೆ ಕಾವಲುಗಾರನನ್ನು ಮನೆಯಿಂದ ಅಟ್ಟಿದಂತೆ. ನೀರು ಇಳಿದ ಮನೆಗೆ ಹಿಂದಿರುಗುವಾಗ ಒಣಗಿದ ಜಾಗದಲ್ಲಿ ನಿಂತು ಮೇನ್ ಸ್ವಿಚ್ಚನ್ನು ಆರಿಸದೆ ಒಳಗೆ ಕಾಲಿಡಬಾರದು. ಅದನ್ನು ಮುಟ್ಟಲು ನೀರಿನಲ್ಲಿ ನಿಲ್ಲಬೇಕಾದರೆ, ವಿದ್ಯುತ್ ಇಲಾಖೆಯವರು ಬರುವವರೆಗೆ ಹೊರಗೇ ಇರಬೇಕು. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಕುಸಿಯಬಲ್ಲುದು. ಅದರ ಬದಿಯಲ್ಲಿ ಮಲಗಬಾರದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮುಂಗಾರು ತೊಡಗುವ ಮೊದಲು ಒಂದು ಭಾನುವಾರ ಮನೆಯ ಕೋಣೆಗಳನ್ನೂ ಸಾಮಾನುಗಳನ್ನೂ ಒಂದೊಂದಾಗಿ ಪಟ್ಟಿ ಮಾಡಿ ಫೋಟೋ ತೆಗೆಯಿರಿ. ವಿಮೆಯ ಪತ್ರ, ಜಾಗದ ಉತಾರೆ, ವಾಹನದ ನೋಂದಣಿ, ಬ್ಯಾಂಕಿನ ಪುಸ್ತಕ ಇವುಗಳ ಪ್ರತಿಗಳನ್ನು ನೀರು ತಾಗದ ಚೀಲದಲ್ಲಿಟ್ಟು, ಇನ್ನೊಂದು ಪ್ರತಿಯನ್ನು ಎತ್ತರದ ಊರಿನ ನೆಂಟರ ಮನೆಗೆ ಕಳುಹಿಸಿರಿ. ಪಾಲಿಸಿ ಯಾವ ದಿನಾಂಕಕ್ಕೆ ಮುಗಿಯುತ್ತದೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಮನೆಯಲ್ಲಿ ಓದು ಬಲ್ಲವರು ನೀವೇ ಆಗಿದ್ದರೆ ಈ ಕೆಲಸ ನಿಮ್ಮದೇ. ಬೆಳಗಿನಿಂದ ಮಧ್ಯಾಹ್ನದೊಳಗೆ ಮುಗಿಯುತ್ತದೆ.