ಬೇಲಿಗಿಂತ ಮೊದಲು ಮಾತು

ಮಳೆ ನಿಂತು ನೆಲ ಒಣಗಿತೆಂದರೆ ಬೆಳಗಾವಿಯ ಗಲ್ಲಿಗಳಲ್ಲಿ, ಖಾನಾಪುರದ ಹಳ್ಳಿಗಳಲ್ಲಿ ಗುದ್ದಲಿ, ಹಾರೆ ಹೊರಗೆ ಬರುತ್ತವೆ. ಹಿತ್ತಲಿಗೆ ಬೇಲಿ ಹಾಕುವ ಕಾಲ ಅದು. ಒಂದು ಮನೆಯವರು ‘ಬೇಲಿ’ ಎಂದರೆ ಪಕ್ಕದ ಮರಾಠಿ ಮನೆಯವರು ‘ಕುಂಪಣ’ ಎನ್ನುತ್ತಾರೆ. ಮಾತು ಬೇರೆಯಾದರೂ ರೀತಿ ಒಂದೇ. ‘ಕಾಕಾ, ನಾಳೆ ಮುಂಜಾನೆ ಹಗ್ಗ ಹಿಡಿಯೂದೈತ್ರಿ. ನೀವೂ ಬಂದು ನಿಂದ್ರಬೇಕ್ರಿ’ ಎಂದು ನೆರೆಮನೆಯ ಹಿರಿಯರನ್ನು ಕರೆಯುವುದು ವಾಡಿಕೆ. ಕರೆಯದೆ ಕಂಬ ನೆಡುವವರೂ ಉಂಟು. ಅಂಥ ಕಡೆ ಮೊದಲು ಹಬ್ಬದ ಹೋಳಿಗೆಯ ಕೊಡುಕೊಳ್ಳುವಿಕೆ ನಿಲ್ಲುತ್ತದೆ. ಆಮೇಲೆ ಮಾತು ನಿಲ್ಲುತ್ತದೆ. ಕೊನೆಗೆ ಕೋರ್ಟು ಶುರುವಾಗುತ್ತದೆ.

ಈ ಕರೆ ಬರೀ ಮರ್ಯಾದೆಗಾಗಿಯೇ? ಅಲ್ಲ. ನಮ್ಮ ನಾಡಿನಲ್ಲಿ ಎಲ್ಲೆ ಎಂಬುದು ಹಿಂದಿನಿಂದಲೂ ನೆರೆಯವರ ಸಾಕ್ಷಿಯ ಮೇಲೆ ನಿಂತಿದೆ.

ಖಾನಾಪುರ ತಾಲೂಕಿನ ಹಲಸಿಯನ್ನೇ ನೋಡಿ. ಒಂದು ಕಾಲಕ್ಕೆ ಅದು ಪಲಾಸಿಕಾ ಎಂಬ ಹೆಸರಿನ ಕದಂಬರ ರಾಜಧಾನಿ. ಅಲ್ಲಿ ದೊರೆತ ಕದಂಬರ ತಾಮ್ರಪಟಗಳು ಜೈನರಿಗೆ ಕೊಟ್ಟ ಭೂದಾನಗಳನ್ನು ಹೇಳುತ್ತವೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ನೆಲದ ನಾಲ್ಕು ದಿಕ್ಕಿನ ಗುರುತುಗಳನ್ನೂ ಬರೆಸುವ ರೂಢಿ ಬೆಳೆಯಿತು. ಹಳ್ಳ, ಮರ, ಹುತ್ತ, ನೆಟ್ಟ ಕಲ್ಲು, ನೆರೆಯ ಹೊಲ, ಹೀಗೆ. ಇದೇ ಚತುಸ್ಸೀಮೆ. ಎಲ್ಲೆಯ ಕಲ್ಲಿನ ಮೇಲೆ ಜೈನರ ನೆಲವಾದರೆ ಮುಕ್ಕೊಡೆ, ಶೈವರದಾದರೆ ಲಿಂಗ, ವೈಷ್ಣವರದಾದರೆ ವಾಮನನ ಮುದ್ರೆ. ದಾನದ ನೆಲ ಕಸಿದವನಿಗೆ 60 ಸಾವಿರ ವರ್ಷದ ನರಕ ಎಂಬ ಶಾಪ ಬೇರೆ. ಕಾವಲುಗಾರನಿಲ್ಲದ ಕಲ್ಲಿಗೆ ಶಾಪವೇ ಕಾವಲು.

ಆ ಚತುಸ್ಸೀಮೆ ಇಂದಿಗೂ ನಮ್ಮ ಖರೀದಿಪತ್ರದಲ್ಲಿದೆ. ಆಸ್ತಿಯನ್ನು ಗುರುತು ಹಿಡಿಯುವಂತೆ ವಿವರಿಸಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ‘ಪೂರ್ವಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥವರ ಹಿತ್ತಲು’ ಎಂದು ಬರೆಯುವುದು ಅದಕ್ಕಾಗಿ. ಅಂದರೆ ನಮ್ಮ ಮನೆಯ ಕಾಗದದಲ್ಲಿ ನೆರೆಯವರ ಹೆಸರಿದೆ, ಅವರ ಕಾಗದದಲ್ಲಿ ನಮ್ಮ ಹೆಸರಿದೆ.

ಇನ್ನು ಅಳತೆಯ ವಿಷಯ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 19ನೇ ಶತಮಾನದಲ್ಲಿ ರೂಪಿಸಿದ ಸರ್ವೆ ಪದ್ಧತಿ ಇಲ್ಲಿಗೂ ಬಂತು. ಅದರ ಸರಪಳಿ 33 ಅಡಿ ಉದ್ದ, 16 ಆಣೆಗಳ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಸರಪಳಿಯ ಒಂದು ಆಣೆ ಎರಡು ಅಡಿಗೂ ತುಸು ಹೆಚ್ಚು. ಹೊಲಕ್ಕೆ ಈ ಲೆಕ್ಕ ಸಾಕು. ಆದರೆ 30ಕ್ಕೆ 40 ಅಡಿಯ ನಿವೇಶನದಲ್ಲಿ ಉದ್ದದ ಬದಿಯ ಬೇಲಿ ಅರ್ಧ ಅಡಿ ಸರಿದರೂ 20 ಚದರ ಅಡಿ ಕೈ ಬದಲಾಗುತ್ತದೆ. ಹಿತ್ತಲ ಜಗಳ ಇಂಚಿನ ಲೆಕ್ಕಕ್ಕೆ ಇಳಿಯುವುದು ಇದಕ್ಕೇ.

ಬೆಳಗಾವಿ ನಗರದ ಮನೆಗಳಿಗೆ ಸಿಟಿ ಸರ್ವೆ ನಂಬರ್ ಇದೆ, ನಕಾಶೆ ಇದೆ. ಹಳ್ಳಿಯ ಪರಿಸ್ಥಿತಿ ಬೇರೆ. ಹೊಲಗಳಿಗೆಲ್ಲ ಸರ್ವೆ ನಂಬರ್ ಬಿದ್ದರೂ, ಮನೆಗಳಿರುವ ಗಾವಠಾಣದ ಒಳಗೆ ಒಂದೊಂದೇ ಮನೆಯನ್ನು ಅಳೆಯುವ ಕೆಲಸ ಬಹುಪಾಲು ಆಗಲೇ ಇಲ್ಲ. ಅಲ್ಲಿ ಹಿರಿಯರ ನೆನಪೇ ನಕಾಶೆ. ‘ಹಲಸಿನ ಗಿಡದಿಂದ ಬಾವಿಗೆ ನೇರ’ ಎಂದು ಅಜ್ಜ ಹೇಳಿದ ಮಾತೇ ದಾಖಲೆ. ಗಿಡ ಬಿದ್ದಿತು, ಬಾವಿ ಮುಚ್ಚಿತು, ಅಜ್ಜನೂ ಹೋದ ಎಂದರೆ ತಕರಾರು ಹುಟ್ಟಿತೆಂದೇ ಲೆಕ್ಕ. ಈ ಕೊರತೆ ತುಂಬಲು ಕೇಂದ್ರ ಸರ್ಕಾರ 2020ರಲ್ಲಿ ಸ್ವಾಮಿತ್ವ ಯೋಜನೆ ತಂದಿತು. ಡ್ರೋನ್ ಆಕಾಶದಿಂದ ಚಿತ್ರ ತೆಗೆಯುತ್ತದೆ. ಆದರೆ ಅದು ಹಾರುವ ಮೊದಲು ಎಲ್ಲೆಯ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಆ ಗೆರೆ ಎಲ್ಲಿ ಎಂಬುದನ್ನು ನೆಲದ ಮೇಲೆ ನಿಂತ ಇಬ್ಬರು ನೆರೆಯವರೇ ಹೇಳಬೇಕು!

ಹಾಗಾದರೆ ಬೇಲಿ ಹಾಕುವವರು ಮಾಡಬೇಕಾದುದೇನು? ಮೊದಲು ಹೋಗಿ ಮಾತಾಡುವುದು. ಇಬ್ಬರೂ ತಮ್ಮ ತಮ್ಮ ಉತಾರ, ಖರೀದಿಪತ್ರ ತಂದು ಎದುರಿಗೆ ಇಟ್ಟುಕೊಳ್ಳುವುದು. ಲೆಕ್ಕ ಕೂಡದಿದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಡಬಹುದು. ಅಲ್ಲಿಯೂ ಅಳತೆಗೆ ಮೊದಲು ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ. ಸರ್ಕಾರಿ ಬಾಂದುಕಲ್ಲನ್ನು ಕೀಳುವುದು, ಸರಿಸುವುದು ಅಪರಾಧ. ಬೇರೆಯವರ ಜಾಗ 12 ವರ್ಷ ಅನುಭವಿಸಿದರೆ ತಮ್ಮದೇ ಆಗುತ್ತದೆಂದು ನಂಬಿದವರಿದ್ದಾರೆ. ಅದು ಅಷ್ಟು ಸುಲಭವಲ್ಲ. ಮಾಲೀಕನ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಅನುಭವಿಸಿದ್ದನ್ನು ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಅನುಮತಿ ಪಡೆದು ಬಳಸಿದ ಜಾಗಕ್ಕೆ ಆ ಹಕ್ಕು ಹುಟ್ಟುವುದಿಲ್ಲ.

ಬೇಲಿ ಯಾವುದು ಎಂಬುದೂ ಮಾತಿನಲ್ಲಿ ಬರಬೇಕು. ತಂತಿ ನಿಂತಲ್ಲೇ ನಿಲ್ಲುತ್ತದೆ, ಗಿಡದ ಬೇಲಿ ಹಾಗಲ್ಲ. ಕಳ್ಳಿ, ಕತ್ತಾಳೆ, ಲಂಟಾನ ವರ್ಷ ವರ್ಷ ಎರಡೂ ಕಡೆ ಹರಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಆದ್ದರಿಂದ ಗಿಡ ನೆಡುವವರು ತಮ್ಮ ಕಡೆಗೆ ಒಂದೆರಡು ಅಡಿ ಸರಿದು ನೆಡುವುದು ಲೇಸು. ಕಳ್ಳಿಯ ಹಾಲು ಕಣ್ಣಿಗೆ ಅಪಾಯ, ಮಕ್ಕಳಿರುವ ಮನೆಯಾದರೆ ಅದನ್ನೂ ಯೋಚಿಸಬೇಕು. ಖಾನಾಪುರದ ಮಳೆಯಲ್ಲಿ ಮೇಲಿನ ಹಿತ್ತಲ ನೀರು ಕೆಳಗಿನ ಹಿತ್ತಲಿಗೆ ಇಳಿಯಲೇಬೇಕು. ಗೋಡೆ ಕಟ್ಟಿ ಅದರ ದಾರಿ ಮುಚ್ಚಿದರೆ ಮುಂದಿನ ಜೂನ್ ತಿಂಗಳಲ್ಲಿ ಹೊಸ ಜಗಳ ಸಿದ್ಧ.

ಕಲ್ಲು ಹೂತುಹೋಗಬಹುದು, ಕಾಗದ ಹರಿಯಬಹುದು, ನಕಾಶೆ ತಪ್ಪಿರಬಹುದು. ನಾಳೆ ನಮ್ಮ ಮಕ್ಕಳಿಗೆ ‘ಗೆರೆ ಇಲ್ಲೇ ಇತ್ತಪ್ಪಾ, ನಾನೇ ಹಗ್ಗ ಹಿಡಿದಿದ್ದೆ’ ಎಂದು ಹೇಳಬೇಕಾದವರು ಪಕ್ಕದ ಮನೆಯ ಕಾಕಾ. ಹಗ್ಗದ ಆ ತುದಿ ಹಿಡಿಯಲು ಅವರನ್ನು ಇಂದೇ ಕರೆಯಬೇಕು.