ಹಾಸ್ಟೆಲ್ ಹಿಂದಿನ ಹಕ್ಕಿ ಮೆಸ್

ಹಕ್ಕಿ ನೋಡೋಕೆ ರಂಗನತಿಟ್ಟಿಗೇ ಹೋಗಬೇಕು, ಕೈಯಲ್ಲಿ ದುಬಾರಿ ಕ್ಯಾಮೆರಾ ಇರಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಎರಡೂ ಬೇಕಿಲ್ಲ. ಹಾಸ್ಟೆಲ್ ಹಿಂದೆ ಯಾರೂ ನೆಡದೆ ತಾನಾಗಿ ಬೆಳೆದ ಗಿಡಗಂಟಿ ಒಂದಿಷ್ಟಿದ್ದರೆ ಸಾಕು. ನಮ್ಮ ಮೆಸ್ ಬಾಗಿಲು ತೆರೆಯೋ ಮುಂಚೆಯೇ ಅಲ್ಲಿ ಹಕ್ಕಿಗಳ ತಿಂಡಿ ಶುರುವಾಗಿರುತ್ತೆ. ಯಾವ ಗಿಡಕ್ಕೆ ಯಾವ ಹಕ್ಕಿ ಬರುತ್ತೆ ಅಂತ ಗೊತ್ತಿದ್ದರೆ ಹುಡುಕೋ ಕೆಲಸ ಅರ್ಧ ಮುಗಿದ ಹಾಗೆ.

ಗಸಗಸೆ ಹಣ್ಣಿನ ಮರ: ಚಿಕ್ಕವರಿದ್ದಾಗ ಕಿತ್ತು ತಿಂದ ಆ ಸಿಹಿ ಕೆಂಪು ಹಣ್ಣೇ ಇದು. ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಮರ. ಹಗಲು ಪಿಕಳಾರ, ಕೋಗಿಲೆ ಬರುತ್ತವೆ. ರಾತ್ರಿ ಪಾಳಿ ಬಾವಲಿಗಳದ್ದು. ಹಣ್ಣೊಳಗಿನ ಸಾವಿರಾರು ಪುಟ್ಟ ಬೀಜಗಳು ಹಿಕ್ಕೆಯ ಜೊತೆ ಬಿದ್ದು ಮೊಳೆಯುತ್ತವೆ. ಕಾಂಪೌಂಡ್ ಸಂದಿಯಲ್ಲೂ ಈ ಸಸಿ ಕಾಣಿಸೋದು ಅದಕ್ಕೇ.

ಬದನಿಕೆ: ಮಾವಿನ ಕೊಂಬೆ ಮೇಲೆ ಬೇರೆಯದೇ ಥರದ ಎಲೆಗಳ ಗೊಂಚಲು ಕಂಡರೆ ಅದು ಬದನಿಕೆ ಇರಬಹುದು. ಅದರ ಹಣ್ಣು ತಿನ್ನೋ ಹಕ್ಕಿಗೂ ಬದನಿಕೆ ಅಂತಲೇ ಹೆಸರು. ಉದ್ದ ಸುಮಾರು 8 ಸೆಂ.ಮೀ., ಭಾರತದ ಅತಿ ಚಿಕ್ಕ ಹಕ್ಕಿಗಳಲ್ಲೊಂದು. ಇದರ ಬೀಜಕ್ಕೆ ಗೋಂದಿನಂಥ ಅಂಟು. ನುಂಗಿದ ಬೀಜ ಕೆಲವೇ ನಿಮಿಷಗಳಲ್ಲಿ ಹೊರಬಂದರೂ ಮೈಗೆ ಅಂಟಿಕೊಂಡೇ ಇರುತ್ತೆ. ಹಕ್ಕಿ ಅದನ್ನು ಕೊಂಬೆಗೆ ತಿಕ್ಕಿ ಬಿಡಿಸಿಕೊಳ್ಳುತ್ತೆ, ಬೀಜ ಅಲ್ಲೇ ಬೇರು ಇಳಿಸುತ್ತೆ. ಗಿಡಕ್ಕೆ ಬೇಕಾದ ಜಾಗಕ್ಕೆ ನೇರ ಡೆಲಿವರಿ!

ತೆನೆ ಬಿಟ್ಟ ಹುಲ್ಲು: ಇದು ರಾಟವಾಳಗಳ ಊಟ. ಗುಂಪಾಗಿ ಬಂದು ಕಡ್ಡಿಗೆ ಜೋತುಬಿದ್ದು ಬೀಜ ಬಿಡಿಸುತ್ತವೆ. ಗೂಡಿಗೂ ಹುಲ್ಲೇ ಬೇಕು. ತೆನೆ ಬರೋ ಮುಂಚೆಯೇ ಯಂತ್ರ ಓಡಿಸೋ ಲಾನ್‌ನಲ್ಲಿ ಇವಕ್ಕೆ ಏನೂ ಸಿಗಲ್ಲ.

ಎಲೆ ತಿಂದ ಗಿಡ: ತಗಚೆ ಗಿಡದ ಎಲೆಗಳಲ್ಲಿ ತೂತು ಕಂಡರೆ ಮುಖ ಸಿಂಡರಿಸಬೇಡಿ. ಚಿಟ್ಟೆಯ ಮರಿಹುಳು ಅಲ್ಲಿದೆ ಅಂತ ಅರ್ಥ. ಹೂವಿನ ಮಕರಂದ ಹೀರೋ ಸೂರಕ್ಕಿ ಕೂಡ ಮರಿಗಳಿಗೆ ಹುಳುಹುಪ್ಪಟೆ ತಿನ್ನಿಸುತ್ತೆ. ಎಲೆ ಹೊಲಿದು ಗೂಡು ಕಟ್ಟೋ ಸಿಂಪಿಗನ ಸಂಸಾರ ನಡೆಯೋದೂ ಹುಳುಗಳ ಮೇಲೇ.

ಹಾಗಂತ ಕಾಡು ಬೆಳೆದದ್ದೆಲ್ಲ ಒಳ್ಳೇದಲ್ಲ. ಲಂಟಾನದ ಹಣ್ಣನ್ನೂ ಪಿಕಳಾರ ತಿನ್ನುತ್ತೆ, ಬೀಜವನ್ನೂ ಹರಡುತ್ತೆ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಬೇರೆ ಗಿಡಗಳಿಗೆ ಜಾಗವೇ ಇಲ್ಲದಂತೆ ಹಬ್ಬಿದೆ. ಅದನ್ನು ಕಿತ್ತರೆ ತಪ್ಪಿಲ್ಲ.

ತೊಂದರೆ ಇರೋದು ಎಲ್ಲವನ್ನೂ ಒಟ್ಟಿಗೆ ಸವರಿಬಿಡೋದರಲ್ಲಿ. ನ್ಯಾಕ್ ತಂಡ ಬರುತ್ತೆ ಅಂದರೆ ಜೆಸಿಬಿ ಬರುತ್ತೆ. ಒಂದೇ ಮಧ್ಯಾಹ್ನದಲ್ಲಿ ಹಣ್ಣು, ಹುಲ್ಲು, ಗೂಡು ಎಲ್ಲ ಹೋಗುತ್ತೆ. ಆಮೇಲೆ 'ಗ್ರೀನ್ ಕ್ಯಾಂಪಸ್' ಬೋರ್ಡ್ ಬೀಳುತ್ತೆ. ಒಂದು ಮೂಲೆಯನ್ನಾದರೂ ಹಾಗೇ ಬಿಡಿ ಅಂತ ಕೇಳೋಕೆ ನಮ್ಮ ಹತ್ತಿರ ಡೇಟಾ ಬೇಕು.

ಅದು ಕಷ್ಟವಲ್ಲ. ಒಂದೇ ಜಾಗದಲ್ಲಿ 15 ನಿಮಿಷ ನಿಂತು, ಯಾವ ಹಕ್ಕಿ, ಎಷ್ಟು, ಯಾವ ಗಿಡದಲ್ಲಿ ಅಂತ ಬರೆದುಕೊಳ್ಳಿ. ಪಟ್ಟಿಯನ್ನು ಇ-ಬರ್ಡ್‌ಗೆ ಹಾಕಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದೇ ದಿನಗಳಲ್ಲಿ ನಮ್ಮ ದೇಶದ ಕಾಲೇಜುಗಳಿಗೆ ಕ್ಯಾಂಪಸ್ ಬರ್ಡ್ ಕೌಂಟ್ ಇದೆ. ಆದರೆ ಫೆಬ್ರವರಿವರೆಗೆ ಕಾಯಬೇಕಿಲ್ಲ. ನಾಳೆ ಬೆಳಿಗ್ಗೆ ತಿಂಡಿಗೆ ಹೋಗೋ ಮುಂಚೆ ಹಿಂದಿನ ಗೇಟ್ ಹತ್ತಿರ ಒಂದು ಕಾಲು ಗಂಟೆ ನಿಲ್ಲಿ.